ದೂರ ಹೊರಟವರ ಪೆಟ್ಟಿಗೆ: ಅಗತ್ಯವೆಷ್ಟು, ಆಡಂಬರವೆಷ್ಟು?

ನಮ್ಮ ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಮಗನೋ ಮಗಳೋ ಪರದೇಶಕ್ಕೆ ಹೊರಡುವ ಹಿಂದಿನ ರಾತ್ರಿ ಕಾಣಸಿಗುವ ದೃಶ್ಯ ಬಹುತೇಕ ಒಂದೇ ಬಗೆಯದು. ಜಪಸರದ ಪ್ರಾರ್ಥನೆ ಮುಗಿದಿರುತ್ತದೆ, ಹಿರಿಯರ ಆಶೀರ್ವಾದವೂ ಆಗಿರುತ್ತದೆ. ಆ ಬಳಿಕ ನಡುಮನೆಯಲ್ಲಿ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ತಾಯಿ ಒಂದು ಬಟ್ಟೆಯನ್ನು ಒಳಗಿಡುತ್ತಾಳೆ, ತಂದೆ ತೂಕದ ಭಯದಿಂದ ಅದನ್ನು ಹೊರತೆಗೆಯುತ್ತಾನೆ, ಅಜ್ಜಿ ಯಾರೂ ನೋಡದಾಗ ಅದನ್ನು ಮತ್ತೆ ಒಳಗೆ ತೂರಿಸುತ್ತಾಳೆ. ಅನೇಕ ವಿಮಾನ ಸಂಸ್ಥೆಗಳು ಒಂದು ಪೆಟ್ಟಿಗೆಗೆ 23 ಕಿಲೋ ಮಿತಿ ವಿಧಿಸಿರುವುದರಿಂದ, ತಕ್ಕಡಿಯ ಮುಳ್ಳು ಆ ಅಂಕೆಯನ್ನು ದಾಟಿದೊಡನೆ ಮನೆಯಲ್ಲಿ ಚರ್ಚೆ ಆರಂಭವಾಗುತ್ತದೆ. ಯಾವುದು ಹೋಗಬೇಕು, ಯಾವುದು ಉಳಿಯಬೇಕು? ಮೇಲ್ನೋಟಕ್ಕೆ ಇದು ಬಟ್ಟೆಯ ಪ್ರಶ್ನೆ. ಆದರೆ ಹೊರಡುವವರ ಅಗತ್ಯಕ್ಕಿಂತ ಉಳಿಯುವವರ ಪ್ರತಿಷ್ಠೆಯೇ ಎಷ್ಟೋ ಸಲ ಆ ಪೆಟ್ಟಿಗೆಯನ್ನು ತುಂಬುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕಾಗಿದೆ.

ಇದನ್ನು ಪರರ ಮೇಲೆ ಆರೋಪ ಹೊರಿಸಲು ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನ ಮಗ ಪ್ರಯಾಣಿಕರ ಹಡಗೊಂದರಲ್ಲಿ ನೌಕರಿಗೆ ಸೇರಿದಾಗ ಅವನ ಪೆಟ್ಟಿಗೆ ತುಂಬಿದವರಲ್ಲಿ ನಾನೂ ಒಬ್ಬ. ಒಂಬತ್ತು ತಿಂಗಳ ಕರಾರು. ಮೊದಲು ಬಿಸಿಲಿನ ದ್ವೀಪಗಳು, ಅನಂತರ ಉತ್ತರದ ಶೀತಲ ಸಮುದ್ರಗಳು ಎಂದು ಅವನು ತಿಳಿಸಿದ್ದ. ನಾವು ಕಿವಿಗೊಡಲಿಲ್ಲ. ಹಬ್ಬಕ್ಕೆಂದು ಹೊಲಿಸಿದ ಹೊಸ ಸೂಟು, ಐದು ಜೀನ್ಸ್, ಹನ್ನೆರಡು ಅಂಗಿಗಳು, ಎರಡು ಜೊತೆ ಹೊಳೆಯುವ ಬೂಟುಗಳು ಒಳಗೆ ಸೇರಿದವು. ತೂಕ ಮೀರಿದಾಗ ಉಣ್ಣೆಯ ಸ್ವೆಟರನ್ನು ಹೊರಗೆಳೆದವನು ನಾನೇ. ಅಲ್ಲಿಗೆ ತಲುಪುವಾಗ ಬೇಸಿಗೆಯಲ್ಲವೇ ಎಂಬುದು ನನ್ನ ವಾದವಾಗಿತ್ತು.

ಉತ್ತರ ದೇಶಗಳ ಸಮುದ್ರತೀರದ ಬೇಸಿಗೆ ನಮ್ಮ ಬೇಸಿಗೆಯಲ್ಲ ಎಂಬ ಅರಿವು ನನಗಿರಲಿಲ್ಲ. ಮಂಗಳೂರಿನಲ್ಲಿ ಜನವರಿಯ ನಸುಕಿನಲ್ಲೂ ಸುಮಾರು 20 ಡಿಗ್ರಿ ಉಷ್ಣಾಂಶವಿರುತ್ತದೆ. ಅಲ್ಲಿ ಅದು ಬೇಸಿಗೆಯ ಒಳ್ಳೆಯ ಹಗಲು. ಗಾಳಿ, ಮಳೆ ಬಂದರೆ ಅದೂ ಇಲ್ಲ. ಹುಡುಗ ಒಂದು ಸಂಜೆ ನಡುಗುತ್ತಾ ಬಂದರಿನ ನಾವಿಕರ ಕೇಂದ್ರಕ್ಕೆ ಹೋದಾಗ, ಗುರುತು ಪರಿಚಯವಿಲ್ಲದ ವೃದ್ಧೆಯೊಬ್ಬರು ಕೈಯಿಂದ ಹೆಣೆದ ಉಣ್ಣೆಯ ಟೊಪ್ಪಿಯನ್ನೂ ಒಂದು ಹಳೆಯ ಕೋಟನ್ನೂ ಕೊಟ್ಟರಂತೆ. ನಾವು ತುಂಬಿಸಿ ಕಳುಹಿಸಿದ ಸೂಟು ಒಮ್ಮೆಯೂ ಮಡಿಕೆ ಬಿಚ್ಚದೆ ಮನೆಗೆ ಮರಳಿತು. ಆ ಟೊಪ್ಪಿಯನ್ನು ಅವನು ನನಗೆ ತೋರಿಸಿದಾಗ ನನಗಾದ ನಾಚಿಕೆಯೇ ಈ ಬರಹಕ್ಕೆ ಕಾರಣ.

ಪಯಣದ ಉಡುಪಿನ ವಿಷಯದಲ್ಲಿ ಪವಿತ್ರ ಗ್ರಂಥ ಮೌನವಾಗಿಲ್ಲ. ಯೇಸುಸ್ವಾಮಿ ಹನ್ನೆರಡು ಮಂದಿ ಶಿಷ್ಯರನ್ನು ಕಳುಹಿಸಿದಾಗ ಊರುಗೋಲು ಮತ್ತು ಪಾದರಕ್ಷೆ ಸಾಕು, ಎರಡು ಅಂಗಿ ಬೇಡ ಎಂದು ಆಜ್ಞಾಪಿಸಿದುದನ್ನು ಸಂತ ಮಾರ್ಕನ ಶುಭಸಂದೇಶದಲ್ಲಿ ಓದುತ್ತೇವೆ. ಇದೊಂದು ಮಾತನ್ನು ಹಿಡಿದು, ಬೇಕಾದ ಬಟ್ಟೆಯನ್ನೂ ಬಿಟ್ಟು ಹೋಗುವುದೇ ವಿಶ್ವಾಸದ ಲಕ್ಷಣ ಎಂದು ತಿಳಿಯುವವರಿದ್ದಾರೆ. ಆದರೆ ಅದೇ ಹೊಸ ಒಡಂಬಡಿಕೆಯಲ್ಲಿ, ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ಕೊನೆಯಲ್ಲಿ, ಸೆರೆಮನೆಯಲ್ಲಿದ್ದ ಸಂತ ಪೌಲರು ತ್ರೋವದಲ್ಲಿ ಕಾರ್ಪನ ಬಳಿ ಬಿಟ್ಟುಬಂದ ಮೇಲಂಗಿಯನ್ನು ತರುವಂತೆ ಕೇಳಿಕೊಳ್ಳುತ್ತಾರೆ. ಚಳಿಗಾಲಕ್ಕೆ ಮುಂಚೆಯೇ ಬರಬೇಕೆಂದು ಒತ್ತಾಯಿಸುತ್ತಾರೆ. ಹಸಿವು, ಬಾಯಾರಿಕೆ, ಚಳಿ, ಬಟ್ಟೆಯಿಲ್ಲದ ಸ್ಥಿತಿ ಎಲ್ಲವನ್ನೂ ಅನುಭವಿಸಿದ ಆ ಪ್ರೇಷಿತರಿಗೆ ಒಂದು ಮೇಲಂಗಿಯ ಬೆಲೆ ತಿಳಿದಿತ್ತು. ಅದನ್ನು ಕೇಳಲು ಅವರಿಗೆ ಸಂಕೋಚವೂ ಇರಲಿಲ್ಲ. ಬಡವನಿಂದ ಅಡವಾಗಿ ಪಡೆದ ಹೊದಿಕೆಯನ್ನು ಸೂರ್ಯಾಸ್ತಕ್ಕೆ ಮೊದಲೇ ಹಿಂದಿರುಗಿಸಬೇಕೆಂದು ವಿಮೋಚನಕಾಂಡದ ಕಟ್ಟಳೆ ವಿಧಿಸುವುದೂ ಇದೇ ಕಾರಣಕ್ಕೆ. ರಾತ್ರಿಯ ಚಳಿಗೆ ಅವನಿಗಿರುವುದು ಅದೊಂದೇ.

ಎರಡನೆಯ ಅಂಗಿ ಬೇಡ, ಆದರೆ ಚಳಿಗೆ ಮೇಲಂಗಿ ಬೇಕು. ಈ ಎರಡು ಮಾತುಗಳಲ್ಲಿ ವಿರೋಧವಿದೆಯೆಂದು ನನಗೆ ತೋರುವುದಿಲ್ಲ. ಒಂದು ಸಂಗ್ರಹದ ಆಸೆಯನ್ನು ತಡೆಯುತ್ತದೆ, ಇನ್ನೊಂದು ದೇಹದ ಅಗತ್ಯವನ್ನು ಗೌರವಿಸುತ್ತದೆ.

ನಮ್ಮ ಕರಾವಳಿಯ ಜನರಿಗೆ ಅತಿ ಪ್ರಿಯರಾದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಪಯಣವು ಇದಕ್ಕೆ ಒಳ್ಳೆಯ ನಿದರ್ಶನ. 1541ರ ಏಪ್ರಿಲ್ 7ರಂದು ಲಿಸ್ಬನ್ನಿನಿಂದ ಹೊರಟ ಅವರು ಮೊಜಾಂಬಿಕ್‌ನಲ್ಲಿ ತಿಂಗಳುಗಟ್ಟಲೆ ತಂಗಿ, 1542ರ ಮೇ 6ರಂದು ಗೋವೆಯನ್ನು ತಲುಪಿದರು. ಅರಸನ ಪರವಾಗಿ ಅಧಿಕಾರಿಗಳು ಬೇಕಾದುದನ್ನೆಲ್ಲ ಒದಗಿಸಲು ಮುಂದಾದಾಗ ಅವರು ಸ್ವೀಕರಿಸಿದ್ದು ಕೆಲವು ಪುಸ್ತಕಗಳನ್ನು ಮತ್ತು ಆಫ್ರಿಕದ ದಕ್ಷಿಣದ ತುದಿಯನ್ನು ದಾಟುವಾಗಿನ ಚಳಿಗೆಂದು ಒರಟು ಬಟ್ಟೆಯ ಉಡುಪನ್ನು ಮಾತ್ರ ಎಂದು ಅವರ ಜೀವನಚರಿತ್ರೆಕಾರರು ಹೇಳುತ್ತಾರೆ. ಉಷ್ಣವಲಯದ ದಾರಿಯಲ್ಲೂ ಚಳಿಯ ತಾಣವೊಂದಿದೆ ಎಂಬುದನ್ನು ಅವರು ಮೊದಲೇ ವಿಚಾರಿಸಿಕೊಂಡಿದ್ದರು. ನನಗಿಲ್ಲದೆ ಹೋದದ್ದು ಆ ವಿವೇಕವೇ.

ಅವರು 1549ರ ಆಗಸ್ಟ್ 15ರಂದು ಜಪಾನಿನ ಕಾಗೋಷಿಮಾ ತಲುಪಿದರು. 1550ರ ಕೊನೆಯಲ್ಲಿ ಹಿಮ ಬೀಳುವ ಕಾಲದಲ್ಲಿ, ಸಾಕಷ್ಟು ಉಡುಪಿಲ್ಲದೆ, ರಾಜಧಾನಿ ಮಿಯಾಕೋಗೆ ಪಯಣ ಬೆಳೆಸಿದರು. ಬಡ ಸಂನ್ಯಾಸಿಯ ವೇಷದಲ್ಲಿದ್ದ ಅವರಿಗೆ ಅಲ್ಲಿ ಚಕ್ರವರ್ತಿಯ ದರ್ಶನ ದೊರೆಯಲಿಲ್ಲ. ಹಟ ಹಿಡಿಯದೆ, 1551ರಲ್ಲಿ ಯಾಮಾಗುಚಿಯ ಪ್ರಭುವಿನ ಬಳಿಗೆ ಅವರು ಒಳ್ಳೆಯ ಉಡುಪು ಧರಿಸಿ, ಕಾಣಿಕೆಗಳೊಂದಿಗೆ ಹೋದರು. ಬೋಧಿಸಲು ಅನುಮತಿಯೂ ಸಿಕ್ಕಿತು. ಉಡುಪಿನ ಬಗ್ಗೆ ತಮಗೆ ಆಸೆಯಿರದಿದ್ದರೂ, ಕರ್ತವ್ಯಕ್ಕೆ ಬೇಕಾದಾಗ ಒಳ್ಳೆಯದನ್ನು ಉಡಲು ಅವರು ಹಿಂಜರಿಯಲಿಲ್ಲ. ದೇಹಕ್ಕೆ ಬೇಕಾದುದು, ಕರ್ತವ್ಯಕ್ಕೆ ಬೇಕಾದುದು: ಪೆಟ್ಟಿಗೆಗೆ ಈ ಎರಡೇ ಅಳತೆಗೋಲುಗಳು ಸಾಕು.

ಇನ್ನು ವ್ಯವಹಾರದ ಮಾತು. ಹಲವು ಹವಾಮಾನಗಳ ನಡುವೆ ತಿಂಗಳುಗಟ್ಟಲೆ ಇರಬೇಕಾದವರಿಗೆ, ಒಂದೊಂದು ಹವೆಗೂ ಬೇರೆ ಬೇರೆ ಬಟ್ಟೆ ಒಯ್ಯುವುದು ಅಸಾಧ್ಯ. ಒಂದರ ಮೇಲೊಂದು ತೊಡಬಹುದಾದ ತೆಳು ಬಟ್ಟೆಗಳೇ ಉತ್ತಮ. ಚಳಿಯಿಂದ ನಮ್ಮನ್ನು ಕಾಯುವುದು ಬಟ್ಟೆಯ ದಪ್ಪವಷ್ಟೇ ಅಲ್ಲ, ಅದರ ಎಳೆಗಳ ನಡುವೆಯೂ ಪದರಗಳ ನಡುವೆಯೂ ಅಲುಗದೆ ನಿಲ್ಲುವ ಗಾಳಿ. ಆದಕಾರಣ ಒಂದು ದಪ್ಪ ಸ್ವೆಟರಿಗಿಂತ ಎರಡು ತೆಳು ಸ್ವೆಟರುಗಳು ಹೆಚ್ಚು ಉಪಯುಕ್ತ. ಸೆಕೆಯಾದರೆ ಒಂದನ್ನು ಕಳಚಬಹುದು. ಮೈಗೆ ಅಂಟುವ ಒಳ ಉಡುಪು, ಅದರ ಮೇಲೆ ಉಣ್ಣೆ, ಎಲ್ಲಕ್ಕಿಂತ ಹೊರಗೆ ಗಾಳಿ ಮಳೆಗಳನ್ನು ತಡೆಯುವ ಒಂದು ಹೊದಿಕೆ. ಈ ಮೂರೂ ಸೇರಿದರೆ ಶೀತವನ್ನು ಎದುರಿಸಬಹುದು. ಮೊದಲನೆಯದೊಂದೇ ಬೇಸಿಗೆಗೂ ಆಗುತ್ತದೆ.

ನಮ್ಮ ಸೆಕೆಗೆ ಹತ್ತಿಯಂಥ ಬಟ್ಟೆ ಇನ್ನೊಂದಿಲ್ಲ. ಆದರೆ ಬೆವರನ್ನೋ ಮಳೆಯನ್ನೋ ಹೀರಿದ ಹತ್ತಿ ಬೇಗ ಒಣಗದು. ಚಳಿಯಲ್ಲಿ ಅದು ಮೈಯ ಶಾಖವನ್ನು ಕಸಿಯುತ್ತದೆ. ಉಣ್ಣೆಯು ತುಸು ಒದ್ದೆಯಾದರೂ ಬೆಚ್ಚಗಿಡುತ್ತದೆ. ಜೀನ್ಸ್ ಭಾರದ ಬಟ್ಟೆ, ಒಣಗಲು ದಿನ ಬೇಕು. ಇಬ್ಬರು ಹಂಚಿಕೊಳ್ಳುವ ಹಡಗಿನ ಇಕ್ಕಟ್ಟಾದ ಕೋಣೆಯಲ್ಲಿ ಐದು ಜೀನ್ಸ್ ಎಂದರೆ ಹೊರೆಯೇ ಸರಿ. ಕಿವಿ, ಕೈ, ಕಾಲುಗಳನ್ನು ಮುಚ್ಚುವ ಟೊಪ್ಪಿ, ಕೈಗವಸು, ಉಣ್ಣೆಯ ಕಾಲುಚೀಲಗಳು ತೂಕದಲ್ಲಿ ಅಲ್ಪ, ಉಪಕಾರದಲ್ಲಿ ಬಹಳ. ಹೊಸ ಬೂಟನ್ನು ಹೊರಡುವ ದಿನ ತೊಡಿಸಬಾರದು; ಒಂದು ತಿಂಗಳು ಮೊದಲೇ ಅದನ್ನು ಹಾಕಿ ನಡೆದು ಪಳಗಿಸಿಕೊಳ್ಳಬೇಕು. ಮಳೆಗಾಲದಲ್ಲಿ ಕಪಾಟಿನೊಳಗಿದ್ದ ಉಣ್ಣೆಯನ್ನೂ ಚರ್ಮದ ವಸ್ತುಗಳನ್ನೂ ಬಿಸಿಲಿಗೊಡ್ಡಿ, ಬೂಷ್ಟು ಒರೆಸಿಯೇ ಒಳಗಿಡಬೇಕು.

ಕೊಲ್ಲಿ ರಾಷ್ಟ್ರಗಳಿಗೆ ಹೋಗುವವರಿಗೆ ಉಣ್ಣೆ ಬೇಡವೆಂದು ಭಾವಿಸುವುದೂ ತಪ್ಪು. ಬೇಸಿಗೆಯಲ್ಲಿ ಹೊರಗೆ 45 ಡಿಗ್ರಿಯಿದ್ದರೂ ಕಚೇರಿ, ಆಸ್ಪತ್ರೆಗಳ ಒಳಗೆ ಯಂತ್ರದ ತಂಪು ಕೊರೆಯುತ್ತದೆ. ಡಿಸೆಂಬರ್, ಜನವರಿಯ ಮರುಭೂಮಿಯ ರಾತ್ರಿಗಳು ನಿಜವಾಗಿಯೂ ಚಳಿಯವು. ಸಡಿಲವಾದ, ತೋಳು ತುಂಬುವ ತಿಳಿಬಣ್ಣದ ಹತ್ತಿ ಬಟ್ಟೆ ಹಗಲಿಗೆ. ಒಂದು ಶಾಲು, ಒಂದು ಸ್ವೆಟರು ಉಳಿದ ಹೊತ್ತಿಗೆ. ಕೆನಡದಂಥ ದೇಶಕ್ಕೆ ಹೋಗುವವರು ಮಾತ್ರ ದಪ್ಪ ಕೋಟನ್ನು ಇಲ್ಲಿಂದ ಹೊರುವ ಬದಲು ಅಲ್ಲಿಯೇ ಕೊಳ್ಳುವುದು ಲೇಸು. ಶೂನ್ಯಕ್ಕಿಂತ 20 ಡಿಗ್ರಿ ಕೆಳಗಿನ ಚಳಿಯನ್ನು ತಡೆಯುವ ಕೋಟನ್ನು ಹೊಲಿಯುವ ಅನುಭವ ನಮ್ಮ ಊರಿನ ದರ್ಜಿಗಿಲ್ಲ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯು ಕೆನಡ, ಐರ್ಲೆಂಡ್, ಆಸ್ಟ್ರೇಲಿಯ ಮುಂತಾದೆಡೆ ಬಳಸಿದ ಬಟ್ಟೆಗಳ ಅಂಗಡಿಗಳನ್ನು ನಡೆಸುತ್ತಿದೆ. ಅಲ್ಲಿ ಕೋಟು ಕೊಳ್ಳುವುದರಲ್ಲಿ ಅವಮಾನವೇನೂ ಇಲ್ಲ. ಕೊಟ್ಟ ಹಣವೂ ಬಡವರ ಸೇವೆಗೇ ಸಲ್ಲುತ್ತದೆ. ಆದರೆ ವಿಮಾನ ಇಳಿದ ಮೊದಲ ದಿನದ ಚಳಿಗೆ ಬೇಕಾದುದು ಮೈಮೇಲೆಯೇ ಇರಲಿ, ಒಂದು ಜೊತೆ ಬಟ್ಟೆ ಕೈಚೀಲದಲ್ಲಿರಲಿ. ಪೆಟ್ಟಿಗೆ ಎರಡು ದಿನ ತಡವಾಗಿ ಬರುವುದು ಅಪರೂಪವೇನಲ್ಲ.

ಎಷ್ಟು ಜೊತೆ ಬಟ್ಟೆ ಎಂಬ ಪ್ರಶ್ನೆಗೆ ಉತ್ತರವನ್ನು ಸಂತ ಮದರ್ ತೆರೇಸಾ ಅವರ ಸಹೋದರಿಯರಿಂದ ಕಲಿಯಬಹುದು. ಅವರಿಗೆ ಮೂರು ಸೀರೆಗಳು: ಒಂದು ಉಡಲು, ಒಂದು ಒಗೆಯಲು, ಒಂದು ಹರಿದುದನ್ನು ಹೊಲಿದಿಡಲು. 1979ರ ಡಿಸೆಂಬರಿನಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಸ್ವೀಕರಿಸಲು ನಾರ್ವೆಯ ಓಸ್ಲೋ ನಗರಕ್ಕೆ ಹೋದಾಗಲೂ ಆ ಮಾತೆ ಉಟ್ಟಿದ್ದು ಅದೇ ನೀಲಿ ಅಂಚಿನ ಬಿಳಿ ಸೀರೆ. ಚಳಿಗೆಂದು ಜೊತೆಗೊಂದು ಸ್ವೆಟರು. ಸಂಸಾರಸ್ಥರಾದ ನಮಗೆ ಮೂರೇ ಸಾಕೆಂದು ನಾನು ಹೇಳುವುದಿಲ್ಲ. ಆದರೆ ಒಗೆದು ಉಡುವ ಅಭ್ಯಾಸವಿದ್ದವರಿಗೆ ಹನ್ನೆರಡು ಅಂಗಿಗಳ ಅಗತ್ಯವಿಲ್ಲ, ಐದಾರು ಧಾರಾಳ.

ನಾಲ್ಕು ಜನರೆದುರು ನಮ್ಮ ಮಕ್ಕಳು ಕಳಪೆಯಾಗಿ ಕಾಣಬಾರದಲ್ಲವೇ ಎಂದು ತಾಯಂದಿರು ಕೇಳಬಹುದು. ಆ ಮಾತಿನಲ್ಲಿ ಸತ್ಯಾಂಶವಿದೆ. ಭಾನುವಾರದ ಬಲಿಪೂಜೆಗೆ, ಹಬ್ಬಕ್ಕೆ, ಕಚೇರಿಯ ಸಂದರ್ಶನಕ್ಕೆ ಒಂದು ಒಳ್ಳೆಯ ಉಡುಪು ಖಂಡಿತ ಬೇಕು. ಯಾಮಾಗುಚಿಯಲ್ಲಿ ಸಂತ ಕ್ಸೇವಿಯರರಿಗೂ ಬೇಕಾಯಿತು. ಅಜ್ಜಿಯ ಶಾಲಿಗೆ ತಕ್ಕಡಿಯಲ್ಲಿ ತೂಕವಿದ್ದರೂ ಅದನ್ನು ಹೊರತೆಗೆಯಬೇಡಿ. ಪರದೇಶದ ಒಂಟಿ ರಾತ್ರಿಗಳಲ್ಲಿ ಅದು ಬೇರೆ ಬಗೆಯ ಬೆಚ್ಚಗೆ. ನಾನು ಆಕ್ಷೇಪಿಸುವುದು ಪ್ರೀತಿಯನ್ನಲ್ಲ; ನೆರೆಹೊರೆಯವರ ಕಣ್ಣಿಗಾಗಿ ತುಂಬುವ ಬಟ್ಟೆಯನ್ನು.

ನಮ್ಮ ಹುಡುಗನಿಗೆ ಟೊಪ್ಪಿ ಕೊಟ್ಟಂಥ ಕೈಗಳು ಲೋಕದ ಅನೇಕ ಬಂದರುಗಳಲ್ಲಿವೆ. 1920ರಲ್ಲಿ ಗ್ಲಾಸ್ಗೋ ನಗರದಲ್ಲಿ ಆರಂಭವಾದ ಧರ್ಮಸಭೆಯ ನಾವಿಕರ ಸೇವಾಸಂಸ್ಥೆ ಸ್ಟೆಲ್ಲಾ ಮಾರಿಸ್, ಹಡಗುಗಳಿಗೆ ಹೋಗಿ ನಾವಿಕರನ್ನು ವಿಚಾರಿಸಿಕೊಳ್ಳುತ್ತದೆ. ವಿಶ್ವಾಸಿಗಳು ಹೆಣೆದುಕೊಟ್ಟ ಉಣ್ಣೆಯ ಟೊಪ್ಪಿಗಳನ್ನು ಹಂಚುತ್ತದೆ. ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಧರ್ಮಸಭೆಯು ನಾವಿಕರಿಗಾಗಿ ಪ್ರಾರ್ಥಿಸಲು ಮೀಸಲಿಟ್ಟಿದೆ. ಇಷ್ಟೊಂದು ಮನೆಗಳಿಂದ ಮಕ್ಕಳನ್ನು ಸಮುದ್ರಕ್ಕೆ ಕಳುಹಿಸುವ ನಾವು ಆ ದಿನವನ್ನು ನೆನಪಿಡಬೇಡವೇ?

ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂದು ಸ್ನಾನಿಕ ಯೊವಾನ್ನರು ಬೋಧಿಸಿದರು. ಪೆಟ್ಟಿಗೆಯಿಂದ ಹೊರತೆಗೆದ ಬಟ್ಟೆ ಕಪಾಟಿಗೆ ಹಿಂದಿರುಗಿ ನುಸಿಗುಳಿಗೆಯ ವಾಸನೆಯಲ್ಲಿ ಕೊಳೆಯಬೇಕಾಗಿಲ್ಲ. ನಮ್ಮ ಮನೆಯ ಆ ಸೂಟನ್ನು ಧರ್ಮಕೇಂದ್ರದ ವಿನ್ಸೆಂಟ್ ಸಭೆಯವರಿಗೆ ಒಪ್ಪಿಸಿದೆವು. ಅದನ್ನು ತೊಟ್ಟು ಬಡ ಯುವಕನೊಬ್ಬ ಮದುವೆಯಾದ. ಎರಡನೆಯ ಕರಾರಿಗೆ ಹುಡುಗ ಹೊರಟಾಗ ಪೆಟ್ಟಿಗೆಯನ್ನು ಅವನೇ ತುಂಬಿಕೊಂಡ. ಸ್ವೆಟರು ಒಳಗಿತ್ತು, ವೃದ್ಧೆಯ ಟೊಪ್ಪಿಯೂ ಇತ್ತು, ತೂಕ 16 ಕಿಲೋ.

ಮುಂದಿನ ಸಲ ನಿಮ್ಮ ನಡುಮನೆಯಲ್ಲಿ ಪೆಟ್ಟಿಗೆ ತೆರೆದಾಗ, ಮೊದಲು ಹೊರಡುವವರ ಮಾತನ್ನು ಕೇಳಿರಿ. ಅವರು ಹೋಗುವ ಊರಿನ ಹವೆಯನ್ನು ವಿಚಾರಿಸಿರಿ. ದೇಹಕ್ಕೂ ಕರ್ತವ್ಯಕ್ಕೂ ಬೇಕಾದುದನ್ನು ಇಡಿರಿ, ಉಳಿದುದನ್ನು ಇಲ್ಲದವರಿಗೆ ಕೊಡಿರಿ. ನಮ್ಮ ಮಕ್ಕಳು ಎಲ್ಲಿದ್ದರೂ ದೇವರು ಅವರನ್ನು ಕಾಯಲಿ. ಒಂದು ಸ್ವೆಟರಿನಿಂದ ಆಗಬಹುದಾದ ಕಾಯುವಿಕೆಯನ್ನು ಮಾತ್ರ ನಾವೇ ಮಾಡೋಣ.