ಮನೆ ನೋಡಿ ಬರೆಯಬೇಕಾದ ವರದಿ

ಅಮೆರಿಕದ ಟಿ.ಜೆ. ಕ್ಲೂನ್ ಬರೆದ ‘ದ ಹೌಸ್ ಇನ್ ದ ಸೆರುಲಿಯನ್ ಸೀ’ 2020ರಲ್ಲಿ ಬಂದ ಕಾದಂಬರಿ. ಮೇಲ್ನೋಟಕ್ಕೆ ಮಕ್ಕಳ ಕಥೆ, ಒಳಗಿರುವುದು ನಡುವಯಸ್ಸಿನ ಇಬ್ಬರು ಗಂಡಸರ ಪ್ರೇಮ. ಅನಾಥಾಲಯಗಳ ತಪಾಸಣೆ ಮಾಡುವ ಲೈನಸ್ ಬೇಕರ್ ನಲವತ್ತರ ಸರ್ಕಾರಿ ನೌಕರ. ನಿಯಮಾವಳಿಯ ಪುಸ್ತಕ ಅವನ ಪಾಲಿಗೆ ಪಂಚಾಂಗವಿದ್ದಂತೆ. ಊರವರು ಹೆದರುವ ಆರು ಮಾಯಾವಿ ಮಕ್ಕಳನ್ನು ಆರ್ಥರ್ ಎಂಬಾತ ದ್ವೀಪವೊಂದರಲ್ಲಿ ಸಾಕುತ್ತಿದ್ದಾನೆ. ಅಲ್ಲಿ ಒಂದು ತಿಂಗಳಿದ್ದು ವಾರವಾರವೂ ವರದಿ ಕಳಿಸು ಎನ್ನುತ್ತದೆ ಇಲಾಖೆ. ಹೋದವನು ನೋಡುವುದು ಏನನ್ನು? ಒಂದು ಮಗು ಗುಂಡಿಗಳನ್ನು ಕೂಡಿಡುತ್ತದೆ, ಇನ್ನೊಂದಕ್ಕೆ ಹೋಟೆಲಿನಲ್ಲಿ ಸಾಮಾನು ಹೊರುವ ಕೆಲಸದ ಹಂಬಲ. ಹಲವು ಅನಾಥಾಲಯಗಳಲ್ಲಿ ನೊಂದು ಬಂದ ಸಾಲ್ ಎಂಬ ಹುಡುಗ ಇಕ್ಕಟ್ಟಾದ ಮೂಲೆಯಲ್ಲಿ ಅಡಗಿ ಕೂತು ಬರೆಯುತ್ತಾನೆ. ಅವನ ಮೇಜನ್ನು ಕಿಟಕಿಯ ಮುಂದಕ್ಕೆ ಸರಿಸಲು ಲೈನಸ್ ಕೈಜೋಡಿಸುವ ಪುಟಗಳು ಇಡೀ ಪುಸ್ತಕದಲ್ಲೇ ಉತ್ತಮವಾದವು. ಅವನು ಆರ್ಥರನನ್ನು ಪ್ರೀತಿಸತೊಡಗುವುದೂ ಇಂಥ ಕೆಲಸಗಳ ನಡುವೆಯೇ. ಮಕ್ಕಳನ್ನು ಸಾಕುವುದರಲ್ಲಿ ನೆರವಾಗುವ ಗೆಳತಿ ಜೋಯಿಯೂ ಆ ಮನೆಯವಳೇ ಆಗಿಬಿಟ್ಟಿದ್ದಾಳೆ.

ತಪಾಸಣೆಯ ಅಧಿಕಾರಿಯನ್ನೇ ಪ್ರೇಮಿಯಾಗಿಸಿದ್ದು ಕ್ಲೂನ್ ಜಾಣ್ಮೆ. ಈ ಮನೆ ಮಗುವಿಗೆ ತಕ್ಕುದೇ ಎಂಬ ಪ್ರಶ್ನೆಯನ್ನು ಕಾದಂಬರಿ ತಳ್ಳಿಹಾಕುವುದಿಲ್ಲ. ಮನೆಯೊಳಗೆ ಹೋಗಿ, ಇದ್ದು, ನೋಡಿ ಉತ್ತರ ಹೇಳು ಎನ್ನುತ್ತದೆ. ನಮ್ಮ ದತ್ತು ವ್ಯವಸ್ಥೆಯಲ್ಲೂ ಇಂಥ ಪರಿಶೀಲನೆ ಇದೆ. ಮಗು ಬೇಕೆಂದವರ ಮನೆಗೆ ಸಮಾಜ ಕಾರ್ಯಕರ್ತರು ಹೋಗಿ ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಆದರೆ ಸಲಿಂಗಿ ಜೋಡಿಯ ಮನೆಯವರೆಗೆ ಆ ಕಾರ್ಯಕರ್ತರು ಬರುವುದೇ ಇಲ್ಲ. ಎರಡು ವರ್ಷಗಳ ಸ್ಥಿರ ದಾಂಪತ್ಯವಿಲ್ಲದ ಜೋಡಿಗೆ ಮಗುವನ್ನು ಕೊಡುವಂತಿಲ್ಲ ಎನ್ನುತ್ತವೆ 2022ರ ದತ್ತು ನಿಯಮಗಳು. ಸಲಿಂಗಿಗಳ ಮದುವೆಗೆ ಇಲ್ಲಿ ಕಾನೂನಿನ ಮಾನ್ಯತೆಯೇ ಇಲ್ಲ. ಮನೆ ನೋಡುವ ಮೊದಲೇ ವರದಿ ಸಿದ್ಧವಾಗಿರುತ್ತದೆ.

ಮಗುವಿಗೆ ಅಪ್ಪನೂ ಬೇಕು, ಅಮ್ಮನೂ ಬೇಕು ಎಂಬ ಆಕ್ಷೇಪ ಹಳೆಯದು. ಅದನ್ನು ನಮ್ಮ ಕಾನೂನೇ ಒಪ್ಪಿಲ್ಲ: ಒಂಟಿ ಹೆಣ್ಣು ಯಾವ ಮಗುವನ್ನಾದರೂ, ಒಂಟಿ ಗಂಡು ಗಂಡುಮಗುವನ್ನು ದತ್ತು ಪಡೆಯಬಹುದು. ಇನ್ನು ಮಕ್ಕಳ ಬೆಳವಣಿಗೆಗೆ ಧಕ್ಕೆಯಾದೀತೆಂಬ ಭಯ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2002ರಲ್ಲೇ ಸಲಿಂಗಿ ಸಂಗಾತಿಯೂ ಎರಡನೆಯ ಪೋಷಕರಾಗಿ ದತ್ತು ಪಡೆಯುವುದನ್ನು ಬೆಂಬಲಿಸಿತ್ತು. ಇವೆರಡಕ್ಕಿಂತ ತೂಕದ ವಾದ ಸಲಿಂಗಿಗಳ ಮದುವೆಯ ಕುರಿತು ಸುಪ್ರೀಂ ಕೋರ್ಟ್ ಕೊಟ್ಟ 2023ರ ಅಕ್ಟೋಬರ್ 17ರ ಸುಪ್ರಿಯೊ ತೀರ್ಪಿನದು. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ದತ್ತು ನಿಯಮವನ್ನು ಎತ್ತಿಹಿಡಿದರು. ಚಂದ್ರಚೂಡ್ ಮತ್ತು ಕೌಲ್ ಒಪ್ಪಲಿಲ್ಲ. ಸಲಿಂಗಿಗಳು ಒಳ್ಳೆಯ ಪೋಷಕರಾಗಲಾರರು ಎಂದು ಬಹುಮತದ ತೀರ್ಪೂ ಹೇಳಲಿಲ್ಲ. ಜೋಡಿ ಬೇರೆಯಾದರೆ ಮಗುವಿಗೆ ಸಿಗಬೇಕಾದ ರಕ್ಷಣೆಗಳು ಮದುವೆಯ ಕಾನೂನಿಗೇ ಜೋಡಿಸಿಕೊಂಡಿವೆ ಎಂಬುದು ಅದರ ಚಿಂತೆ.

ಚಿಂತೆ ನಿಜವಾದದ್ದೇ, ಆದರೆ ಅದು ಬೊಟ್ಟು ಮಾಡುವುದು ಎದುರು ದಿಕ್ಕಿಗೆ. ಇಬ್ಬರು ಸೇರಿ ಸಾಕುವ ಮಗುವಿಗೆ ಕಾಗದದಲ್ಲಿ ಒಬ್ಬರೇ ಪೋಷಕರಾದರೆ, ಇನ್ನೊಬ್ಬರಿಂದ ಜೀವನಾಂಶ ಕೇಳಲು, ಅವರ ಆಸ್ತಿಯಲ್ಲಿ ಪಾಲು ಕೇಳಲು ಆ ಮಗುವಿಗೆ ಹಕ್ಕಿಲ್ಲ. ಅದರ ಮೇಲೆ ಲಿವ್-ಇನ್ ಸಂಬಂಧದಲ್ಲಿರುವ ಒಂಟಿ ಅರ್ಜಿದಾರರನ್ನು ಪರಿಗಣಿಸುವುದಿಲ್ಲವೆಂದು ಕೇಂದ್ರ ದತ್ತು ಪ್ರಾಧಿಕಾರ 2022ರ ಜೂನ್‌ನಲ್ಲಿ ಸುತ್ತೋಲೆ ಹೊರಡಿಸಿತು. ಸಂಗಾತಿ ಇದ್ದಾನೆಂದು ನಿಜ ಹೇಳಿದವನಿಗೆ ಮಗು ಇಲ್ಲ, ಮುಚ್ಚಿಟ್ಟವನಿಗೆ ದಾರಿ ಉಂಟು. ಮನೆಯಲ್ಲಿ ಯಾರ‍್ಯಾರಿದ್ದಾರೆ ಎಂದು ತಿಳಿಯಲೆಂದೇ ಇರುವ ಪರಿಶೀಲನೆಯಲ್ಲಿ ಸುಳ್ಳಾಡುವುದೇ ಅನುಕೂಲವಾದರೆ ಯಾವ ಮಗುವಿಗೆ ಲಾಭ?

ಕಾದಂಬರಿ ಬರೀ ಸಕ್ಕರೆ ಎನ್ನುವವರಿದ್ದಾರೆ. ಸ್ವಲ್ಪ ನಿಜ, ಇಲಾಖೆಯ ಕ್ರೌರ್ಯ ಕೊನೆಗೆ ತೀರಾ ಸಲೀಸಾಗಿ ಸೋಲುತ್ತದೆ. ಆದರೆ ಇಂಥ ಪ್ರೇಮಗಳ ನಷ್ಟದ ಲೆಕ್ಕವನ್ನು ಸಾಹಿತ್ಯ ಸಾಕಷ್ಟು ಬರೆದಿದೆ. ಪೆಟ್ರೀಷಿಯಾ ಹೈಸ್ಮಿತ್ 1952ರ ಕಾದಂಬರಿಯಲ್ಲಿ ತಾಯಿಯೊಬ್ಬಳು ಪ್ರೇಯಸಿಗಾಗಿ ಮಗಳನ್ನು ಬಿಟ್ಟುಕೊಡಬೇಕಾಗುತ್ತದೆ. 1913-14ರಲ್ಲಿ ‘ಮಾರಿಸ್’ ಬರೆದ ಫಾರ್ಸ್ಟರ್ ಸುಖಾಂತ್ಯ ಬೇಕೇಬೇಕೆಂದು ಹಟ ಹಿಡಿದರು. ಪುಸ್ತಕ ಅಚ್ಚಾದದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ಕನ್ನಡದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಬಂದಾಗ, ಪ್ರಿಯಕರ ಕಾರ್ತಿಕ್ ಹೆಣ್ಣನ್ನು ಮದುವೆಯಾಗಿ ದೂರವಾಗುವ ನೋವನ್ನು ನಮ್ಮ ಓದುಗರು ಒಪ್ಪಿಕೊಂಡರು. ನೋವಿಗೆ ಮರುಗುವುದು ಸುಲಭ. ಮಕ್ಕಳ ಊಟ, ಪಾಠ, ಜಗಳಗಳ ನಡುವೆ ಇಬ್ಬರು ಗಂಡಸರು ನೆಮ್ಮದಿಯಾಗಿರುವುದನ್ನು ಒಪ್ಪುವುದೇ ಕಷ್ಟ. ಕ್ಲೂನ್ ಕೇಳುವುದು ಅದನ್ನೇ. ಜಂಟಿ ದತ್ತಿಗೆ ಬಾಲನ್ಯಾಯ ಕಾಯ್ದೆ ತಿದ್ದುವ ಕೆಲಸ ಸಂಸತ್ತಿನದು. ನಿಜ ಹೇಳಿದವರನ್ನು ಹೊರಗಿಡುವ ಸುತ್ತೋಲೆಯನ್ನು ಕೈಬಿಡಲು ಸಂಸತ್ತು ಸೇರಬೇಕಾಗಿಲ್ಲ, ಹೊರಡಿಸಿದ ಕಚೇರಿಯೇ ಮನಸ್ಸು ಮಾಡಿದರೆ ಸಾಕು.