ದಿನಕ್ಕೊಂದು ನುಡಿ

ಹೊಲ, ಮನೆ, ದನಕರು, ಬೆಳ್ಳಿಬಂಗಾರ ಇವು ಎಲ್ಲರಿಗೂ ಸಮನಾಗಿ ದೊರೆಯುವ ಸಂಪತ್ತುಗಳಲ್ಲ. ಬಡವನಿಗೂ ಬಲ್ಲಿದನಿಗೂ ಒಂದೇ ರೀತಿಯಲ್ಲಿ ಲಭಿಸುವ ಸಂಪತ್ತು ಯಾವುದಾದರೂ ಇದ್ದರೆ ಅದು ಮಾತಿನ ಸಂಪತ್ತು. ಅದನ್ನು ಯಾರಿಂದಲೂ ಸಾಲ ತರಬೇಕಾಗಿಲ್ಲ, ಯಾರಿಗೂ ತೆರಿಗೆ ಕೊಡಬೇಕಾಗಿಲ್ಲ. ಆದರೂ ಈ ಸಂಪತ್ತನ್ನು ಬೆಳೆಸಿಕೊಳ್ಳುವವರು ವಿರಳ. ಮಗುವು ಐದಾರು ವರ್ಷಗಳಲ್ಲಿ ಮನೆಮಾತನ್ನು ಕಲಿಯುತ್ತದೆ. ಆಮೇಲೆ ಅನೇಕರಲ್ಲಿ ಆ ಕಲಿಕೆ ಕುಂಠಿತವಾಗುತ್ತದೆ. ಹೆಸರು ತಿಳಿಯದ ವಸ್ತುವಿಗೆ ‘ಅದು’ ಎಂದೂ, ಮೆಚ್ಚಿಕೆಯಾದುದಕ್ಕೆಲ್ಲ ‘ಚಲೋ’ ಎಂದೂ ಹೇಳಿ ದಿನ ಕಳೆಯುವುದು ರೂಢಿಯಾಗಿಬಿಡುತ್ತದೆ. ಈ ರೂಢಿಯನ್ನು ಮುರಿಯಲು ಒಂದು ಸುಲಭವಾದ ಉಪಾಯವುಂಟು. ದಿನಕ್ಕೊಂದು ಹೊಸ ಶಬ್ದವನ್ನು ಕಲಿತು, ಅದನ್ನು ಅಂದೇ ಮಾತಿನಲ್ಲಿ ಬಳಸುವುದೇ ಆ ಉಪಾಯ.

ಒಂದು ಶಬ್ದದಿಂದ ಏನಾದೀತು ಎಂಬ ಸಂದೇಹ ಸಹಜವಾದುದು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆಯೇ ಇದಕ್ಕೆ ಉತ್ತರ. ದಿನಕ್ಕೊಂದರಂತೆ ವರ್ಷಕ್ಕೆ 365 ಶಬ್ದಗಳಾಗುತ್ತವೆ. ಒಂಬತ್ತನೆಯ ತರಗತಿಯಲ್ಲಿ ಈ ಅಭ್ಯಾಸವನ್ನು ಆರಂಭಿಸಿದ ವಿದ್ಯಾರ್ಥಿಯು ನಾಲ್ಕು ವರ್ಷಗಳಲ್ಲಿ 1,460ಕ್ಕೂ ಹೆಚ್ಚು ಶಬ್ದಗಳಿಗೆ ಒಡೆಯನಾಗುತ್ತಾನೆ. ಭಾಷೆಯ ಶಬ್ದಗಳನ್ನೆಲ್ಲ ಕಲಿತು ಮುಗಿಸುವ ಮಾತು ಬೇರೆ. ಕಿಟ್ಟೆಲ್ ಅವರ ನಿಘಂಟಿನಲ್ಲಿ ಸುಮಾರು 70,000 ಶಬ್ದಗಳಿವೆ. ದಿನಕ್ಕೊಂದರಂತೆ ಅವನ್ನೆಲ್ಲ ಕಲಿಯಲು 190 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಆದುದರಿಂದ ಎಲ್ಲವನ್ನೂ ಕಲಿಯುವುದು ಗುರಿಯಲ್ಲ; ಕಲಿತದ್ದನ್ನು ತನ್ನದಾಗಿಸಿಕೊಳ್ಳುವುದೇ ಗುರಿ.

ಈ ಕಿಟ್ಟೆಲ್ ಅವರ ಜೀವನವೇ ಶಬ್ದಕಲಿಕೆಗೆ ಒಂದು ದೊಡ್ಡ ನಿದರ್ಶನ. 1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಫರ್ಡಿನಂಡ್ ಕಿಟ್ಟೆಲ್ ಅವರು 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಭಾರತಕ್ಕೆ ಬಂದರು. ಅವರಿಗೆ ಕನ್ನಡದ ಗಂಧವೂ ಇರಲಿಲ್ಲ. ಧಾರವಾಡ, ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಮುಂತಾದೆಡೆಗಳಲ್ಲಿ ಕೆಲಸ ಮಾಡುತ್ತ, ಜನಸಾಮಾನ್ಯರೊಡನೆ ಬೆರೆತು, ಅವರ ಬಾಯಿಂದ ಬಂದ ಮಾತುಗಳನ್ನೂ ಗಾದೆಗಳನ್ನೂ ಅವರು ಸಂಗ್ರಹಿಸಿದರು. ಜೊತೆಗೆ ಹಳಗನ್ನಡ ಗ್ರಂಥಗಳನ್ನೂ ವ್ಯಾಕರಣವನ್ನೂ ಆಳವಾಗಿ ಅಭ್ಯಾಸ ಮಾಡಿದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಪರದೇಶದಿಂದ ಬಂದವರೊಬ್ಬರು ಹಳ್ಳಿಗರ ಮಾತಿಗೆ ಕಿವಿಗೊಟ್ಟು ಇಷ್ಟು ದೊಡ್ಡ ಕಾರ್ಯವನ್ನು ಸಾಧಿಸಿರುವಾಗ, ಆ ಮಾತಿನ ನಡುವೆಯೇ ಹುಟ್ಟಿ ಬೆಳೆದ ವಿದ್ಯಾರ್ಥಿಗೆ ದಿನಕ್ಕೊಂದು ಶಬ್ದವು ಭಾರವಾಗಬಾರದು.

ಆದರೆ ಶಬ್ದವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡ ಮಾತ್ರಕ್ಕೆ ಅದು ಕಲಿತಂತಾಗುವುದಿಲ್ಲ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಯಾವ ಅವಧಿಯಲ್ಲಿ ಎಷ್ಟು ಮರೆತುಹೋಗುತ್ತದೆಂಬುದನ್ನು ಅಳೆದರು. ಅವರ ಶೋಧನೆ 1885ರಲ್ಲಿ ಪ್ರಕಟವಾಯಿತು. ಕಲಿತ ಮೊದಲ ಕೆಲವು ಗಂಟೆಗಳಲ್ಲಿಯೇ ಮರೆವು ಬಹು ತೀವ್ರವಾಗಿರುತ್ತದೆಂದೂ, ಒಂದೇ ಸಲ ಬಹಳ ಹೊತ್ತು ಓದುವುದಕ್ಕಿಂತ ದಿನಗಳ ಮೇಲೆ ಹಂಚಿಕೊಂಡು ಓದುವುದು ಹೆಚ್ಚು ಫಲಕಾರಿಯೆಂದೂ ಅವರು ಕಂಡುಕೊಂಡರು. ಪರೀಕ್ಷೆಯ ಹಿಂದಿನ ರಾತ್ರಿ ಉರು ಹೊಡೆದ ಶಬ್ದಾರ್ಥಗಳು ಪರೀಕ್ಷೆಯೊಡನೆಯೇ ಮಾಯವಾಗುವುದು ಈ ಕಾರಣದಿಂದಲೇ. ಅಂದೇ ಆಡಿದ ಮಾತಿನ ಸ್ಥಿತಿ ಹಾಗಲ್ಲ. ಆಡಿದ ಸಂದರ್ಭ, ಕೇಳಿದವರ ಮುಖ, ಅವರು ಕೊಟ್ಟ ಉತ್ತರ ಇವೆಲ್ಲ ಆ ಶಬ್ದಕ್ಕೆ ಅಂಟಿಕೊಂಡು ಅದನ್ನು ನೆನಪಿನಲ್ಲಿ ನಿಲ್ಲಿಸುತ್ತವೆ.

‘ಹಾಡುತ್ತ ಹಾಡುತ್ತ ರಾಗ’ ಎಂಬ ಗಾದೆಯ ಸತ್ಯವನ್ನು ಕುಂದಗೋಳವು ಲೋಕಕ್ಕೆ ತೋರಿಸಿಕೊಟ್ಟಿದೆ. ಸವಾಯಿ ಗಂಧರ್ವರೆಂದು ಪ್ರಸಿದ್ಧರಾದ ರಾಮಚಂದ್ರ ಕುಂದಗೋಳಕರರು ಅಲ್ಲಿಯವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಅವರಿಂದ ಪಾಠ ಹೇಳಿಸಿಕೊಂಡರು. ಭೀಮಸೇನ ಜೋಶಿಯವರು ಗುರುಗಳ ಮನೆಯಲ್ಲಿಯೇ ಇದ್ದು ಅಭ್ಯಾಸ ಮಾಡಿದರು. ಕೇಳಿದ ಸ್ವರವನ್ನು ಕಂಠಕ್ಕೆ ತಂದುಕೊಳ್ಳುವವರೆಗೆ ಮತ್ತೆ ಮತ್ತೆ ಹಾಡುವುದೇ ಆ ಪಾಠದ ಕ್ರಮವಾಗಿತ್ತು. ಸ್ವರಕ್ಕೆ ಸಲ್ಲುವ ಈ ನಿಯಮ ಶಬ್ದಕ್ಕೂ ಸಲ್ಲುತ್ತದೆ. ಕಿವಿಯಲ್ಲಿ ಮಾತ್ರ ಉಳಿದ ಶಬ್ದ ಇನ್ನೊಬ್ಬರದು. ನಾಲಗೆಯ ಮೇಲೆ ಬಂದ ಶಬ್ದ ತನ್ನದು.

ಹೊಸ ಶಬ್ದಗಳನ್ನು ಎಲ್ಲಿಂದ ತರಬೇಕು? ಹಳ್ಳಿಯ ವಿದ್ಯಾರ್ಥಿಗೆ ಎರಡು ಭಂಡಾರಗಳಿವೆ. ಮೊದಲನೆಯದು ಮನೆಯಲ್ಲಿ, ಹೊಲದಲ್ಲಿ, ಹಿರಿಯರ ಬಾಯಲ್ಲಿ ಇರುವಂಥದು. ನವಲಗುಂದ, ಅಣ್ಣಿಗೇರಿಗಳ ಎರೆನೆಲದ ಒಕ್ಕಲುತನದಲ್ಲಿ ಎಷ್ಟೊಂದು ಶಬ್ದಗಳಿವೆ! ಹೊಲ ‘ಹರಗುವುದು’ ಬೇರೆ, ‘ಬಿತ್ತುವುದು’ ಬೇರೆ, ‘ಎಡೆ ಹೊಡೆಯುವುದು’ ಬೇರೆ. ಕೂರಿಗೆಯ ಕೆಲಸವನ್ನು ಕುಂಟೆ ಮಾಡದು, ಕುಂಟೆಯ ಕೆಲಸವನ್ನು ರಂಟೆ ಮಾಡದು. ನೆಲದಲ್ಲಿ ತೇವವು ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ಇರುವ ಸ್ಥಿತಿಗೆ ‘ಹದ’ ಎಂದು ಹೆಸರು. ಈ ಎರಡಕ್ಷರದ ಶಬ್ದವನ್ನು ಬಲ್ಲ ಹುಡುಗನು ‘ಹದವಾದ ಮಾತು’ ಎಂಬುದರ ಅರ್ಥವನ್ನು ನಿಘಂಟಿನ ನೆರವಿಲ್ಲದೆ ತಿಳಿಯಬಲ್ಲನು. ನವಲಗುಂದದಲ್ಲಿ ಹೆಣ್ಣುಮಕ್ಕಳು ಮಗ್ಗದ ಮುಂದೆ ಕುಳಿತು ಹೆಸರಾಂತ ಜಮಖಾನಗಳನ್ನು ನೇಯುತ್ತಾರೆ. ಮಗ್ಗದ ಉದ್ದೆಳೆಗೆ ಹಾಸು, ಅಡ್ಡೆಳೆಗೆ ಹೊಕ್ಕು ಎಂದು ಹೆಸರು. ‘ಹಾಸುಹೊಕ್ಕಾಗಿದೆ’ ಎಂಬ ನುಡಿಗಟ್ಟನ್ನು ಪ್ರಬಂಧದಲ್ಲಿ ಬರೆಯುವ ವಿದ್ಯಾರ್ಥಿಯು ಒಮ್ಮೆ ಮಗ್ಗದ ಬಳಿ ನಿಂತು ನೋಡಿದರೆ, ಆ ಮಾತು ಎಷ್ಟು ನೇರವಾದ ಅನುಭವದಿಂದ ಹುಟ್ಟಿದುದೆಂಬುದು ಮನದಟ್ಟಾಗುತ್ತದೆ.

ಈ ಭಂಡಾರವು ಬರಿದಾಗುತ್ತಿದೆ ಎಂಬುದನ್ನು ಮರೆಯಬಾರದು. ಹಿಂದೆ ಸುಗ್ಗಿಯಲ್ಲಿ ಕಣದ ನಡುವೆ ಮೇಟಿ ನೆಟ್ಟು, ಅದರ ಸುತ್ತ ಎತ್ತುಗಳ ಹಂತಿ ಕಟ್ಟಿ ತೆನೆ ತುಳಿಸುತ್ತಿದ್ದರು. ರಾತ್ರಿಯೆಲ್ಲ ಹಂತಿಯ ಹಾಡುಗಳು ಕೇಳಿಬರುತ್ತಿದ್ದವು. ಒಕ್ಕಲುತನಕ್ಕೆ ‘ಮೇಟಿ ವಿದ್ಯೆ’ ಎಂಬ ಹೆಸರನ್ನು ತಂದುಕೊಟ್ಟ ಆ ಮೇಟಿಯನ್ನು ಇಂದಿನ ಮಕ್ಕಳಲ್ಲಿ ಕಂಡವರು ಕಡಿಮೆ. ಯಂತ್ರವು ಕೆಲವೇ ಗಂಟೆಗಳಲ್ಲಿ ರಾಶಿ ಮಾಡಿ ಮುಗಿಸುತ್ತದೆ. ನೆಲದಲ್ಲಿ ತೋಡಿ ಜೋಳ ತುಂಬಿಡುತ್ತಿದ್ದ ಹಗೇವುಗಳೂ ಬಹುಮಟ್ಟಿಗೆ ಮುಚ್ಚಿಹೋಗಿವೆ. ಯಂತ್ರ ಬಂದುದು ತಪ್ಪಲ್ಲ; ಅದರಿಂದ ಮನುಷ್ಯನ ದುಡಿತ ಹಗುರವಾಗಿದೆ. ಆದರೆ ವಸ್ತುವಿನೊಡನೆ ಅದರ ಹೆಸರೂ ಹೋದರೆ, ಆ ಹೆಸರನ್ನು ಆಶ್ರಯಿಸಿದ ಗಾದೆ, ಹಾಡು, ಒಗಟುಗಳ ಅರ್ಥವೂ ಹೋಗುತ್ತದೆ. ಮನೆಯ ಅಜ್ಜ ಅಜ್ಜಿಯರನ್ನು ದಿನಕ್ಕೊಂದು ಶಬ್ದ ಕೇಳಿ ತಿಳಿದುಕೊಳ್ಳುವುದು ಇಂದಿಗೆ ಸಾಧ್ಯ. ಮುಂದೆ ಕೇಳೋಣವೆಂದರೆ ಹೇಳುವವರೇ ಇಲ್ಲವಾಗಬಹುದು.

ಎರಡನೆಯ ಭಂಡಾರವು ಪುಸ್ತಕ, ವೃತ್ತಪತ್ರಿಕೆ ಮತ್ತು ಸಾರ್ವಜನಿಕ ವ್ಯವಹಾರಗಳಲ್ಲಿದೆ. ಇದನ್ನು ಕಡೆಗಣಿಸಿದರೆ ಆಗುವ ಹಾನಿ ಸಣ್ಣದಲ್ಲ. ‘ಜಮೀನು’ ಎಂದರೆ ಭೂಮಿ. ‘ಜಾಮೀನು’ ಎಂದರೆ ಇನ್ನೊಬ್ಬರ ಸಾಲಕ್ಕೆ ಹೊಣೆ ನಿಲ್ಲುವುದು. ಎರಡಕ್ಕೂ ಇರುವ ವ್ಯತ್ಯಾಸ ಒಂದು ದೀರ್ಘಾಕ್ಷರದ್ದು. ಈ ಎರಡನೆಯ ಶಬ್ದದ ಪೂರ್ಣಾರ್ಥವನ್ನು ತಿಳಿಯದೆ ನೆರೆಯವರ ಕಾಗದಕ್ಕೆ ರುಜು ಹಾಕಿದವನು, ಸಾಲ ಪಡೆದವನು ತೀರಿಸದೆ ಹೋದಾಗ ತಾನು ತೆರಬೇಕಾಗುತ್ತದೆ. ಪಹಣಿ, ಬಡ್ಡಿ, ಬೆಳೆವಿಮೆ, ಪರಿಹಾರ, ಠರಾವು ಎಂಬ ಶಬ್ದಗಳ ತಿಳಿವಳಿಕೆ ಇದ್ದವನು ಗ್ರಾಮಸಭೆಯಲ್ಲಿ ಎದ್ದುನಿಂತು ತನ್ನ ಮಾತನ್ನು ಹೇಳಬಲ್ಲನು; ಇಲ್ಲದವನು ಇನ್ನೊಬ್ಬರ ಬಾಯಿಯನ್ನು ನಂಬಬೇಕು. ವೈದ್ಯರ ಮುಂದೆಯೂ ಹೀಗೆಯೇ. ಬರಿದೆ ‘ನೋವು’ ಎಂದರೆ ರೋಗದ ಸುಳಿವು ಸಿಗುವುದು ಕಷ್ಟ. ಚುಚ್ಚುತ್ತದೆಯೋ, ಉರಿಯುತ್ತದೆಯೋ, ಸೆಳೆಯುತ್ತದೆಯೋ, ಜೋಮು ಹಿಡಿದಿದೆಯೋ, ಹಿಂಡಿದಂತಾಗುತ್ತದೆಯೋ ಎಂಬುದನ್ನು ಸ್ಪಷ್ಟವಾಗಿ ಹೇಳಬಲ್ಲವನಿಗೆ ಸರಿಯಾದ ಚಿಕಿತ್ಸೆ ಬೇಗ ದೊರೆಯುತ್ತದೆ. ಮಾತು ಅಲಂಕಾರಕ್ಕಾಗಿ ಮಾತ್ರ ಇರುವಂಥದಲ್ಲ. ಅದು ಬದುಕಿನ ರಕ್ಷಣೆಗೂ ಬೇಕಾದುದು.

ಈ ಅಭ್ಯಾಸದ ವಿರುದ್ಧವಾಗಿ ಕೆಲವು ಆಕ್ಷೇಪಣೆಗಳಿಲ್ಲದಿಲ್ಲ. ಹೊಸ ಶಬ್ದ ಕಲಿತವನು ಸಿಕ್ಕಲ್ಲೆಲ್ಲ ಅದನ್ನು ಪ್ರಯೋಗಿಸಿ ಪಾಂಡಿತ್ಯ ಮೆರೆಯುತ್ತಾನೆ ಎಂಬುದು ಒಂದು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವುಂಟು. ಕೇಳುವವರಿಗೆ ತಿಳಿಯದ ಮಾತನ್ನಾಡುವುದು ಸೊಗಸಲ್ಲ. ಸಭೆಗೆ ಬಂದ ಅತಿಥಿಯನ್ನು ‘ಪ್ರಖ್ಯಾತರು’ ಎನ್ನುವ ಬದಲು ‘ಕುಖ್ಯಾತರು’ ಎಂದು ಹೊಗಳಹೊರಟರೆ ಸನ್ಮಾನವೇ ಅವಮಾನವಾದೀತು. ಆದುದರಿಂದ ಶಬ್ದದ ಅರ್ಥವನ್ನು ಮಾತ್ರವಲ್ಲದೆ ಅದರ ಸ್ಥಾನವನ್ನೂ ಅರಿಯಬೇಕು. ಅಜ್ಜನೊಡನೆ ಮಾತನಾಡುವಾಗ “ಅಜ್ಜಾ, ಹೊಲ ಹದಕ್ಕ ಬಂದೈತೇನು?” ಎಂಬ ಮಾತೇ ಚೆಂದ, ಅದೇ ವಿಷಯವನ್ನು ಕೃಷಿ ಅಧಿಕಾರಿಗಳಿಗೆ ಬರೆಯುವ ಮನವಿಯಲ್ಲಿ ‘ಮಣ್ಣಿನ ತೇವಾಂಶ’ ಎಂಬುದೇ ಯುಕ್ತ. ಎರಡನ್ನೂ ಬಲ್ಲವನು ಎರಡು ಕಡೆಯೂ ಸಲ್ಲುತ್ತಾನೆ.

ನಗೆಪಾಟಲಿನ ಭಯ ಇನ್ನೊಂದು ಅಡ್ಡಿ. ಪೇಟೆಯಲ್ಲಿ ಹಳ್ಳಿಯ ಮಾತನ್ನಾಡಿದರೆ ನಗುವವರಿದ್ದಾರೆ. ಹಳ್ಳಿಯಲ್ಲಿ ಪುಸ್ತಕದ ಮಾತನ್ನಾಡಿದರೂ ನಗುವವರಿದ್ದಾರೆ. ಈ ಎರಡು ನಗೆಗಳೂ ಅಜ್ಞಾನದಿಂದ ಹುಟ್ಟಿದವು. ಸಾವಿರ ವರ್ಷಗಳ ಹಿಂದೆ, 941ರ ಸುಮಾರಿನಲ್ಲಿ, ಆದಿಕವಿ ಪಂಪನು ವಿಕ್ರಮಾರ್ಜುನ ವಿಜಯವನ್ನು ರಚಿಸಿದಾಗ ಪುಲಿಗೆರೆಯ ತಿರುಳುಗನ್ನಡದಲ್ಲಿ ಬರೆದೆನೆಂದು ಅಭಿಮಾನದಿಂದ ಹೇಳಿಕೊಂಡನು. ಆ ಪುಲಿಗೆರೆಯೇ ಈ ಸೀಮೆಗೆ ಸಮೀಪದಲ್ಲಿರುವ ಇಂದಿನ ಲಕ್ಷ್ಮೇಶ್ವರ. ಪಂಪನ ಹೆಸರಿನೊಡನೆ ಅಣ್ಣಿಗೇರಿಯ ಹೆಸರೂ ಸೇರಿಕೊಂಡಿದೆ. ಇಪ್ಪತ್ತನೆಯ ಶತಮಾನದಲ್ಲಿ ದ. ರಾ. ಬೇಂದ್ರೆಯವರು ಧಾರವಾಡದ ಮನೆಮಾತನ್ನೇ ಕಾವ್ಯಭಾಷೆಯನ್ನಾಗಿ ಮಾಡಿದರು. 1973ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಮಹಾಕವಿಗಳು ಮನ್ನಿಸಿದ ಮಾತಿಗೆ ವಿದ್ಯಾರ್ಥಿಯು ನಾಚಬೇಕಾಗಿಲ್ಲ. ಪರಭಾಷೆಯ ಶಬ್ದಗಳಿಗೂ ಅಂಜಬೇಕಾಗಿಲ್ಲ. ರೈತ, ಜಮೀನು, ಅರ್ಜಿ ಎಂಬ ಶಬ್ದಗಳು ಅರಬ್ಬಿ, ಪಾರಸಿ ಮೂಲದಿಂದ ಬಂದು, ಬಳಕೆಯ ಬಲದಿಂದ ಕನ್ನಡದ ಶಬ್ದಗಳೇ ಆಗಿವೆ. ಬಂದುದನ್ನು ಬರಮಾಡಿಕೊಳ್ಳುವುದು ಉದಾರತೆ. ಆದರೆ ಇದ್ದುದನ್ನು ಆಲಸ್ಯದಿಂದ ಮರೆಯುವುದು ಉದಾರತೆಯಲ್ಲ.

ಕೈಯಲ್ಲಿ ಮೊಬೈಲ್ ಇರುವಾಗ ಶಬ್ದಗಳನ್ನು ತಲೆಯಲ್ಲಿ ತುಂಬಿಕೊಳ್ಳುವುದೇಕೆ ಎಂದು ಕೇಳುವವರುಂಟು. ಅರ್ಥ ಹುಡುಕಲು ಅದು ಒಳ್ಳೆಯ ಸಾಧನವೇ ಸರಿ. ಆದರೆ ಒಂದು ಶಬ್ದವಿದೆಯೆಂಬುದೇ ತಿಳಿಯದವನು ಅದನ್ನು ಹುಡುಕುವುದಾದರೂ ಹೇಗೆ? ಎದುರಿಗಿರುವವರೊಡನೆ ಮಾತನಾಡುವಾಗ ಹುಡುಕುತ್ತ ಕೂಡಲು ಸಮಯವೂ ಇರುವುದಿಲ್ಲ. ಆ ಹೊತ್ತಿಗೆ ಒದಗುವುದು ಅಭ್ಯಾಸವಾದ ಮಾತು ಮಾತ್ರ.

ಅಭ್ಯಾಸದ ಕ್ರಮವು ಸರಳವಾಗಿರಬೇಕು. ಒಂದು ಚಿಕ್ಕ ಪುಸ್ತಕ ಸಾಕು. ಒಂದು ದಿನ ಮನೆಯ ಅಥವಾ ಹೊಲದ ಶಬ್ದ, ಮರುದಿನ ಪಾಠದ ಅಥವಾ ಪತ್ರಿಕೆಯ ಶಬ್ದ ಎಂಬ ಸರದಿಯನ್ನು ಇಟ್ಟುಕೊಳ್ಳಬಹುದು. ಶಬ್ದದ ಮುಂದೆ ಅರ್ಥವನ್ನಷ್ಟೇ ಬರೆಯದೆ ಸ್ವಂತ ವಾಕ್ಯವೊಂದನ್ನು ಬರೆಯಬೇಕು. ಸಂಜೆಯೊಳಗಾಗಿ ಒಬ್ಬರೊಡನೆಯಾದರೂ ಅದನ್ನು ಆಡಬೇಕು. ಮರುದಿನ, ವಾರದ ಕೊನೆಗೆ, ತಿಂಗಳ ಕೊನೆಗೆ ಮತ್ತೆ ಅದನ್ನು ನೆನೆಯಬೇಕು. ಸಂದೇಹ ಬಂದರೆ ಗುರುಗಳನ್ನು ಕೇಳಬೇಕು, ನಿಘಂಟನ್ನು ನೋಡಬೇಕು. ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟು ಇಂಥ ಸಂದೇಹಗಳಿಗಾಗಿಯೇ ಇದೆ. ಆ ಕಾರ್ಯದಲ್ಲಿ ಪ್ರಮುಖರಾಗಿದ್ದ ಜಿ. ವೆಂಕಟಸುಬ್ಬಯ್ಯನವರು 1991ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಎಂಬ ಅಂಕಣದ ಮೂಲಕ ಓದುಗರ ಶಬ್ದಸಂದೇಹಗಳಿಗೆ ಉತ್ತರ ಕೊಟ್ಟರು. 2021ರಲ್ಲಿ, 107ನೆಯ ವಯಸ್ಸಿನಲ್ಲಿ ತೀರಿಕೊಂಡ ಆ ಹಿರಿಯರಿಗೆ ಶಬ್ದದ ಕೆಲಸವೇ ಜೀವನದ ಕೆಲಸವಾಗಿತ್ತು.

ಭಾಷೆಯು ಗ್ರಂಥಾಲಯದಲ್ಲಿ ಸುರಕ್ಷಿತವಾಗಿರಬಹುದು. ಆದರೆ ಅದು ಜೀವಂತವಾಗಿರುವುದು ಜನರ ನಾಲಗೆಯ ಮೇಲೆ. ಧಾರವಾಡ ಸೀಮೆಯು ಮುಂಬಯಿ ಆಡಳಿತದಲ್ಲಿದ್ದ ಕಾಲದಲ್ಲಿ ಶಾಲೆ ಕಚೇರಿಗಳಲ್ಲಿ ಮರಾಠಿಯ ಪ್ರಾಬಲ್ಯವಿತ್ತು. ಆಗ ಡೆಪ್ಯೂಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಬೆಳೆಸಲು ಶ್ರಮಿಸಿದರು, ರಾ. ಹ. ದೇಶಪಾಂಡೆಯವರ ಮುಂದಾಳ್ತನದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ಈ ಹಿರಿಯರ ಪ್ರಯತ್ನ ಸಾರ್ಥಕವಾದುದು, ಮನೆಮನೆಗಳಲ್ಲಿ ಜನರು ಕನ್ನಡವನ್ನು ಆಡುತ್ತಲೇ ಇದ್ದುದರಿಂದ. ಹಗೇವಿನಲ್ಲಿಟ್ಟ ಜೋಳವನ್ನು ತೆಗೆದು ಉಂಡಷ್ಟೂ ಅದು ಕಡಿಮೆಯಾಗುತ್ತದೆ; ನುಡಿಯಾದರೋ ತೆಗೆದು ಬಳಸಿದಷ್ಟೂ ಹೆಚ್ಚುತ್ತದೆ, ಬಳಸದೆ ಇಟ್ಟರೆ ಮಾತ್ರ ಕೆಡುತ್ತದೆ. ಆದುದರಿಂದ ವಿದ್ಯಾರ್ಥಿಯು ಇಂದು ಕಲಿತ ಶಬ್ದವನ್ನು ನಾಳೆಗೆಂದು ಮುಚ್ಚಿಡದೆ ಇಂದೇ ಆಡುವುದು ಉಚಿತ. ಅದರಿಂದ ಅವನ ಮಾತಿಗೆ ಬೆಲೆ ಬರುತ್ತದೆ. ಅವನ ನಾಡಿನ ನುಡಿಗೂ ಬಾಳಿಕೆ ಬರುತ್ತದೆ.