ಬಾಯಿಬಿಟ್ಟು ಹೇಳದಿದ್ರೆ ಮಾರ್ಕ್ಸ್ ಇಲ್ಲ

ಬಡ್ತಿ ಮೀಸಲಾತಿ ಮಾತು ಬಂದಾಗೆಲ್ಲ 'ಹಾಗಾದ್ರೆ ಮೆರಿಟ್ ಗತಿ ಏನು?' ಅಂತ ಕೇಳೋರು ಅಮೆರಿಕದ ನ್ಯೂ ಹೇವನ್ ನಗರದ ಅಗ್ನಿಶಾಮಕ ದಳದ ಕತೆ ಓದಬೇಕು.

2003ರಲ್ಲಿ ಅಲ್ಲಿ ಬಡ್ತಿ ಪರೀಕ್ಷೆ ನಡೀತು. ಲಿಖಿತಕ್ಕೆ ಶೇ. 60, ಮೌಖಿಕಕ್ಕೆ ಶೇ. 40. ಲೆಫ್ಟಿನೆಂಟ್ ಪರೀಕ್ಷೆಗೆ ಕೂತ ಕಪ್ಪು ಜನ 19, ಪಾಸಾದವರು 6. ಖಾಲಿ ಹುದ್ದೆಗಳಿಗೆ ಅರ್ಹರಾದ ಮೊದಲ 10 ಜನರೂ ಬಿಳಿಯರು! ನಗರಾಡಳಿತ ಫಲಿತಾಂಶವನ್ನೇ ಕೈಬಿಟ್ಟಿತು. 17 ಬಿಳಿಯರು, ಒಬ್ಬ ಹಿಸ್ಪಾನಿಕ್ ಕೋರ್ಟಿಗೆ ಹೋದ್ರು. 2009ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ಅವರನ್ನೇ ಗೆಲ್ಲಿಸಿತು. ಅರ್ಜಿದಾರ ಫ್ರಾಂಕ್ ರಿಚಿಗೆ ಡಿಸ್ಲೆಕ್ಸಿಯಾ ಇತ್ತು, ದುಡ್ಡು ಕೊಟ್ಟು ಪುಸ್ತಕಗಳನ್ನ ಟೇಪಿಗೆ ಓದಿಸಿಕೊಂಡು ಕಲಿತ. ಆತನ ಶ್ರಮ ಸುಳ್ಳಲ್ಲ, ಅದನ್ನ ನಾನು ಹಗುರ ಮಾಡಲ್ಲ.

ಆದ್ರೆ ನ್ಯಾಯಮೂರ್ತಿ ಗಿನ್ಸ್‌ಬರ್ಗ್ ತಮ್ಮ ಭಿನ್ನ ತೀರ್ಪಿನಲ್ಲಿ ಇನ್ನೊಂದು ವಿಷಯ ದಾಖಲಿಸಿದ್ದಾರೆ. ಪುಸ್ತಕಗಳು ದುಬಾರಿ, ಬರೋದೂ ತಡ. ಕೆಲವು ಬಿಳಿಯರಿಗೆ ದಳದಲ್ಲೇ ಇದ್ದ ನೆಂಟರಿಂದ ಪುಸ್ತಕ, ಸಹಾಯ ಎರಡೂ ಸಿಗ್ತಿತ್ತು. ಕಪ್ಪು, ಹಿಸ್ಪಾನಿಕ್ ಸಿಬ್ಬಂದಿಯಲ್ಲಿ ಹೆಚ್ಚಿನವರು ಮೊದಲ ತಲೆಮಾರು. ಮೊದಲ ತಲೆಮಾರು ಅಂದ್ರೇನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿನ ಬಡ್ತಿ ಪರೀಕ್ಷೆಗಳಲ್ಲಿ ತಂತ್ರಾಭ್ಯಾಸ ಅಂತ ಒಂದು ಭಾಗ ಇರುತ್ತೆ. ಉರಿಯುತ್ತಿರೋ ಕಟ್ಟಡದ ಚಿತ್ರ ಮುಂದಿಡ್ತಾರೆ, 'ಮೊದಲು ತಲುಪಿದ ಅಧಿಕಾರಿ ನೀನು, ಏನ್ ಮಾಡ್ತೀಯ?' ಎಷ್ಟು ಮಹಡಿ, ಹೊಗೆ ಯಾವ ಕಡೆ, ಒಳಗೆ ಜನ ಇದ್ದಾರಾ, ನೀರು ಎಲ್ಲಿಂದ, ಪಕ್ಕದ ಮನೆಗೆ ಬೆಂಕಿ ಹಬ್ಬುತ್ತಾ, ನಮ್ಮ ಹುಡುಗರೇ ಸಿಕ್ಕಿಬಿದ್ರೆ ಕಾಪಾಡೋ ತಂಡ ಯಾವುದು, ಎಲ್ಲಾ ವಾಕಿಟಾಕಿಯಲ್ಲಿ ಹೇಳೋ ಹಾಗೆ ಜೋರಾಗಿ ಹೇಳಬೇಕು. ತಲೆಯಲ್ಲಿದ್ದು ಬಾಯಿಗೆ ಬರದಿದ್ರೆ ಅಂಕ ಇಲ್ಲ. ಇಪ್ಪತ್ತು ವರ್ಷ ಪೈಪ್ ಹಿಡಿದು ಬೆಂಕಿಗೆ ನುಗ್ಗಿದವನೂ ಇಲ್ಲಿ ತಡವರಿಸಬಹುದು. ಅಪ್ಪ, ಚಿಕ್ಕಪ್ಪ ಊಟಕ್ಕೆ ಕೂತಾಗ ಇದೇ ಭಾಷೆ ಮಾತಾಡೋದು ಕೇಳಿ ಬೆಳೆದವನಿಗೆ ಇದು ಮನೆಮಾತು. ಇದಕ್ಕೆ ಮೆರಿಟ್ ಅನ್ನೋ ಹೆಸರು ಬೇರೆ!

ಪರೀಕ್ಷೆಯೇ ಬೇಡ ಅಂತಿಲ್ಲ. ಬೆಂಕಿ ಮುಂದೆ ಅಪ್ಪಣೆ ಕೊಡೋರಿಗೆ ಈ ವಿದ್ಯೆ ಬೇಕೇ ಬೇಕು. ಆದ್ರೆ ಇದು ಹುಟ್ಟಿನಿಂದ ಬರೋದಲ್ಲ, ಅಭ್ಯಾಸದಿಂದ ಬರೋದು. ಹಾಗಿದ್ಮೇಲೆ ಇಲಾಖೆಯೇ ಡ್ಯೂಟಿ ಟೈಮಲ್ಲಿ, ಎಲ್ಲರಿಗೂ, ಪುಕ್ಕಟೆ ಕಲಿಸಲಿ.

ಕರ್ನಾಟಕದ 2018ರ ಬಡ್ತಿ ಕಾಯ್ದೆಯನ್ನ 2019ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಆದರೂ ಇಂಟರ್‌ವ್ಯೂ ಕೋಣೆಯಲ್ಲಿ ನಮ್ಮ ಹುಡುಗ್ರು ಗೊತ್ತಿರೋದನ್ನೂ ನುಂಗಿಕೊಳ್ತಾರೆ. ಈಗಾಗ್ಲೇ ಬಡ್ತಿ ಪಡೆದಿರೋ ನಮ್ಮ ಅಧಿಕಾರಿಗಳೇ, ತಿಂಗಳಿಗೆ ಒಂದು ಭಾನುವಾರ ಕೊಡ್ತೀರಾ? ಪ್ರಶ್ನೆ ಕೇಳಿ, ಗಡಿಯಾರ ಇಟ್ಟು, ಅವರ ಬಾಯಲ್ಲಿ ಜೋರಾಗಿ ಹೇಳಿಸಿ. ಬರೋರು ಕೆಳಗೆ ಜಿಲ್ಲೆ, ಇಲಾಖೆ ಬರೀರಿ.

ಜೈ ಭೀಮ್.